ಮಲಗಿದ್ದ ಪಟ್ಟದ ಗೊಂಬೆಗಳು

"ಅಲ್ಲಾಡಬೇಡ ಕಣೆ ಪುಟ್ಟಿ, ರೆಕ್ಕೆ ಕಿತ್ತು ಬರುತ್ತೆ," ಎಂದಳು ಪೂಜಿತಾ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡೇ.

ಏಳು ವರ್ಷದ ಶರ್ವಾಣಿ ಅಡುಗೆಮನೆಯ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ನಿಂತಳು. ಹ್ಯಾಲೋವೀನ್ ಸಂಜೆ. ಬೀದಿಯ ಮಕ್ಕಳೆಲ್ಲ ಭೂತ, ಮಾಟಗಾತಿ, ಅಸ್ಥಿಪಂಜರಗಳಾಗಿ ಮನೆಮನೆಗೆ ಚಾಕೊಲೇಟ್ ಕೇಳಲು ಹೊರಟಿದ್ದರೆ ಇವಳು ಮಿಣುಕುಹುಳವಾಗಿದ್ದಳು. ಅಮ್ಮನ ಹಳೆಯ ಹಸಿರು ಸೀರೆಯ ರೆಕ್ಕೆ, ಬೆನ್ನ ತುಂಬ ಬ್ಯಾಟರಿಯ ಪುಟ್ಟ ದೀಪಗಳು. ಕಾರಿನ ಬೆಳಕು ಬಿದ್ದರೆ ಹೊಳೆಯಲೆಂದು ತೋಳಿಗೂ ಬೂಟಿಗೂ ಬೆಳ್ಳಿ ಬಣ್ಣದ ಟೇಪು. ಮುಂಗೈ ಮೇಲೆ ಪೆನ್ನಿನಲ್ಲಿ ಅಮ್ಮನ ಫೋನ್ ನಂಬರು.

"ಚಾಕೊಲೇಟ್ ಮನೆಗೆ ತಂದು ನನಗೆ ತೋರಿಸದೆ ತಿನ್ನೋ ಹಾಗಿಲ್ಲ. ಯಾರೇ ಕರೆದ್ರೂ ಹೊಸಲು ದಾಟೋ ಹಾಗಿಲ್ಲ. ಏನಂದೆ?"

"ಓಕೆ ಅಮ್ಮ. ಯೂ ಟೋಲ್ಡ್ ಮೀ."

"ಇನ್ನೊಂದು ಸಲ ಹೇಳ್ತೀನಿ."

ಊಟದ ಮೇಜಿನ ಬಳಿ ಕೂತಿದ್ದ ವಸಂತಲಕ್ಷ್ಮಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಫೋನಿನಲ್ಲಿ ಒಂದು ಚಿತ್ರವನ್ನು ಬೆರಳಿನಿಂದ ಹಿಗ್ಗಿಸುತ್ತಿದ್ದಳು. ಈ ಮನೆಯ ಒಳಗಿನ ಚಿತ್ರಗಳು, ಮನೆಗಳ ಬೆಲೆ ಅಂದಾಜು ಹೇಳುವ ಒಂದು ವೆಬ್‌ಸೈಟಿನಲ್ಲಿ, ಲೋಕಕ್ಕೆಲ್ಲ ಕಾಣುವಂತೆ ಬಂದಿದ್ದವು. ಯಾರು ಹಾಕಿದರೆಂದು ತಿಳಿಯದೆ ಪೂಜಿತಾ ನಿದ್ದೆಗೆಟ್ಟಿದ್ದಳು.

ವಸಂತಲಕ್ಷ್ಮಿ ಅಮೆರಿಕದ ಬೆಲ್ವ್ಯೂ ಊರಿನ ಒಂದು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸದವಳು. ಸುಟ್ಟ ಮನೆ ತಾನಾಗಿ ಸುಟ್ಟಿತೋ, ಯಾರಾದರೂ ಸುಟ್ಟರೋ, ನೀರು ಮೇಲಿಂದ ಬಂತೋ, ಒಳಗಿಂದ ಬಂತೋ ಎಂದು ನೋಡಿ ಹೇಳುವುದು ಅವಳ ಕಸುಬು. ಹುಟ್ಟಿದ್ದು ನಾಗಮಂಗಲದ ಕಡೆಯ ಹಳ್ಳಿ. ಅವಸರ ಎಂಬುದು ಅವಳ ಮೈಯಲ್ಲಿರಲಿಲ್ಲ. ಹಸು ಸೊರೆಬಿಡುವ ತನಕ ಕೆಚ್ಚಲ ಬಳಿ ಸುಮ್ಮನೆ ಕೂರುವವರ ಹಾಗೆ ಕೂರುತ್ತಿದ್ದಳು. ಇಲ್ಲಿನ ಕನ್ನಡದ ಮನೆಗಳಲ್ಲಿ ಏನಾದರೂ ಕಳೆದರೆ, ಏನಾದರೂ ಹೆದರಿಸಿದರೆ, ಪೊಲೀಸರಿಗಿಂತ ಮೊದಲು ಫೋನು ಹೋಗುವುದು 'ವಸಂತಕ್ಕ'ನಿಗೆ.

ಚಿತ್ರಗಳಲ್ಲಿದ್ದುದು ಹಾಲ್, ಅಡುಗೆಮನೆ, ಹಿತ್ತಿಲು, ಮೆಟ್ಟಿಲು. ಹೆಚ್ಚೇನೂ ಇರಲಿಲ್ಲ. ಆದರೆ ಮೆಟ್ಟಿಲಿನ ಚಿತ್ರದಲ್ಲಿ ಕೆಳಗಿನ ಮೊಳೆಗೆ ನೇತುಹಾಕಿದ್ದ ಶಾಲೆಯ ಚೀಲ ಕಾಣುತ್ತಿತ್ತು. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಶರ್ವಾಣಿಯ ಹೆಸರು.

"ವಿಳಾಸ ಇದೆ, ಮಗು ಹೆಸರಿದೆ, ಯಾವ ಬಾಗಿಲಿಂದ ಬಂದ್ರೆ ಯಾವ ಮೆಟ್ಟಿಲು ಅನ್ನೋದಿದೆ," ಎಂದಳು ಪೂಜಿತಾ, ಮಗಳಿಗೆ ಕೇಳಿಸದಂತೆ. "ಇನ್ನೇನು ಬೇಕು ಅಕ್ಕ ಒಬ್ಬ ಕೆಟ್ಟವನಿಗೆ? ಇವತ್ತಂತೂ ಮುಖವಾಡ ಹಾಕ್ಕೊಂಡು ಯಾರು ಬೇಕಾದ್ರೂ ಬಾಗಿಲು ಬಡೀಬಹುದು."

"ನಿನ್ನೆ ರಾತ್ರಿ ಎಲ್ಲ ಮಾಯ ಆದ್ವು ಅಂದ್ಯಲ್ಲ?"

"ಹೂಂ. ಅದೇ ಇನ್ನೂ ಹೆದರಿಕೆ. ನೀವು ಬರ್ತೀರಿ ಅಂತ ಗೊತ್ತಾಗಿ ತೆಗೆದಿದಾನೆ. ಪುಣ್ಯಕ್ಕೆ ನಾನು ಫೋನಲ್ಲಿ ಉಳಿಸ್ಕೊಂಡಿದ್ದೆ."

ವಸಂತಲಕ್ಷ್ಮಿ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟಳು. "ಗ್ಯಾರೇಜ್ ಬಾಗಿಲಿನ ಕೋಡ್ ಎಷ್ಟು ಜನಕ್ಕೆ ಗೊತ್ತಿತ್ತು?"

ಪೂಜಿತಾಳ ಮುಖ ಸಣ್ಣಗಾಯಿತು. "ದಸರಾ ಗೊಂಬೆ ನೋಡೋಕೆ ಬಂದೋರಿಗೆಲ್ಲ."

"ಎಲ್ಲರಿಗೂ?"

"ಮಳೆ ಅಲ್ವಾ ಅಕ್ಕ, ಮುಂಬಾಗಿಲಲ್ಲಿ ಅಷ್ಟು ಜನದ ಚಪ್ಪಲಿ ಬಿಡೋಕೆ ಜಾಗ ಎಲ್ಲಿ? ಅದಕ್ಕೇ ವಾಟ್ಸ್ಆ್ಯಪ್‌ನಲ್ಲಿ ಕರೆಯೋವಾಗಲೇ ಬರೆದಿದ್ದೆ. ಚಪ್ಪಲಿ ಗ್ಯಾರೇಜಲ್ಲಿ ಬಿಟ್ಟು ಒಳಗೆ ಬನ್ನಿ, ಕೋಡ್ ಇದು ಅಂತ."

"ಅರಿಶಿನ ಕುಂಕುಮದ ಜೊತೆ ಬೀಗದ ಕೈನೂ ಕೊಟ್ಟು ಕಳಿಸ್ದೆ ಅನ್ನು."

ಪೂಜಿತಾ ಹಣೆ ಚಚ್ಚಿಕೊಂಡಳು. ಕೋಡನ್ನು ಮಧ್ಯಾಹ್ನವೇ ಬದಲಾಯಿಸಿಯಾಗಿತ್ತು. ಆದರೂ ಬಂದುಹೋದವರನ್ನು ನೆನೆಸಿಕೊಂಡರೆ ಓವರ್‌ಲೇಕ್ ಬಡಾವಣೆಯ ಅರ್ಧ ಕನ್ನಡಿಗರು ಲೆಕ್ಕಕ್ಕೆ ಬರುತ್ತಿದ್ದರು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಯಮಧರ್ಮರಾಯ. ಕೋಡುಗಳ ಕಿರೀಟ, ಹುರಿಮೀಸೆ, ಹೆಗಲ ಮೇಲೆ ಥರ್ಮೋಕೋಲಿನ ಗದೆ.

"ನಡೀರಿ ನಡೀರಿ, ನಮ್ಮ ಹೆಣ್ಣುಮಕ್ಕಳು ಕೆಳಗೆ ಬೀದೀಲಿ ಕಾಯ್ತಿವೆ," ಎಂದ ಯಮ. ಪಕ್ಕದ ಬೀದಿಯ ಜಯಂತ್. ವಾರವಿಡೀ ಸಾಫ್ಟ್‌ವೇರು, ಶನಿವಾರ ಭಾನುವಾರ ಮನೆ ಮಾರಿಸುವ ಏಜೆಂಟು. "ದಾರೀಲಿ ನಾಲ್ಕು ಜನ ಸಿಕ್ಕಿದ್ರು ಅಕ್ಕ, ನಾಲ್ಕೂ ಜನ ಕೋಡಿನ ಟೋಪಿಯ ವೈಕಿಂಗ್ ಕಡಲ್ಗಳ್ಳ ಅಂದ್ರು. ಕೋಣ ಇಲ್ಲದೆ ಬಂದ್ರೆ ಇದೇ ಗತಿ."

"ಕೂತ್ಕೊಳ್ಳಪ್ಪ ಯಮರಾಯ," ಎಂದಳು ವಸಂತಲಕ್ಷ್ಮಿ. "ಗೊಂಬೆ ನೋಡೋಕೆ ಬಂದಾಗ ಈ ಹಾಲ್ ತುಂಬ ಹೊಗಳಿದ್ಯಂತೆ?"

ಜಯಂತನ ಗದೆ ಕೆಳಗಿಳಿಯಿತು. "ಆ ಫೋಟೋ ವಿಷಯಾನಾ? ನಾನಲ್ಲ ಅಕ್ಕ. ಮನೆಯವರು ಬರೆದುಕೊಡದೆ ಒಂದು ಚಿತ್ರ ಹಾಕಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಅಷ್ಟಕ್ಕೂ ನಾನಾಗಿ ಕೇಳ್ಲಿಲ್ಲ. ಧನುನೇ..."

ಅಲ್ಲಿಗೆ ನಿಲ್ಲಿಸಿದ. ಗಂಡನ ಹೆಸರು ಕೇಳಿ ಪೂಜಿತಾ ತಿರುಗಿ ನೋಡಿದಳು.

"ಧನು ಏನು?"

"ಏನಿಲ್ಲ. ಧನುನೂ ಬರ್ತಾನಾ ಅಂತ ಕೇಳೋಕೆ ಹೊರಟೆ." ಯಮ ಕಿರೀಟ ಸರಿಮಾಡಿಕೊಳ್ಳುತ್ತ ಬಾಗಿಲಾಚೆ ಹೋಗಿ ನಿಂತ.

ವಸಂತಲಕ್ಷ್ಮಿ ಅವನನ್ನು ತಡೆಯಲಿಲ್ಲ. ಮತ್ತೆ ಫೋನಿಗೆ ಕಣ್ಣು ಹಾಕಿದಳು. ಹಾಲ್‌ನ ಚಿತ್ರ. ಸೋಫಾ, ಅದರ ಹಿಂದೆ ಹಿತ್ತಿಲಿಗೆ ತೆರೆಯುವ ದೊಡ್ಡ ಗಾಜಿನ ಬಾಗಿಲು. ತೆಗೆದದ್ದು ರಾತ್ರಿ. ಹೊರಗೆ ಕತ್ತಲಿದ್ದುದರಿಂದ ಗಾಜು ಕನ್ನಡಿಯಾಗಿತ್ತು. ಅದರಲ್ಲಿ ಎದುರು ಗೋಡೆಯ ಗೊಂಬೆ ಮೆಟ್ಟಿಲುಗಳು ಮಸುಕಾಗಿ ಮೂಡಿದ್ದವು. ನವರಾತ್ರಿಯಲ್ಲಿ ಬಂದವರು ಯಾರೋ ತೆಗೆದದ್ದು ಎಂದು ಪೂಜಿತಾ ಹೇಳುತ್ತಿದ್ದುದು ಇದನ್ನು ನೋಡಿಯೇ.

ಮೇಲಿನ ಮೆಟ್ಟಿಲನ್ನು ಅವಳು ಇನ್ನಷ್ಟು ಹಿಗ್ಗಿಸಿದಳು. ಅಲ್ಲಿ ರಾಜ ರಾಣಿ ನಿಂತಿರಬೇಕಿತ್ತು. ನಿಂತಿರಲಿಲ್ಲ. ಎರಡೂ ಅಡ್ಡ ಮಲಗಿದ್ದವು. ಮೇಲೊಂದು ರೇಷ್ಮೆ ತುಂಡು ಹೊದಿಸಿತ್ತು.

"ಪೂಜಿ, ಪಟ್ಟದ ಗೊಂಬೆ ಯಾವತ್ತು ಮಲಗಿಸ್ದೆ?"

"ವಿಜಯದಶಮಿ ರಾತ್ರಿ, ಆರತಿ ಆದ್ಮೇಲೆ. ಯಾಕಕ್ಕ?"

"ಆಮೇಲೆ ಯಾರಾದ್ರೂ ಬಂದ್ರಾ?"

"ಗೊಂಬೆ ಮಲಗಿಸಿದ ಮೇಲೆ ಯಾರನ್ನ ಕರೀತಾರೆ? ಕೊನೇಲಿ ಹೋದೋರು ಜಯಂತ್ ಮನೆಯವರು. ಅವರು ಹೋದ್ಮೇಲೇನೇ ಮಲಗಿಸಿದ್ದು. ಬೆಳಿಗ್ಗೆ ಎದ್ದು ಎಲ್ಲ ಪೆಟ್ಟಿಗೆಗೆ ಹಾಕಿಬಿಟ್ಟೆ."

ವಸಂತಲಕ್ಷ್ಮಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗೊಂಬೆ ಮಲಗಿದ ಮೇಲೆ, ಅವು ಪೆಟ್ಟಿಗೆ ಸೇರುವ ಮುಂಚೆ, ಈ ಮನೆಯಲ್ಲಿದ್ದವರು ಮೂವರೇ. ಅವರಲ್ಲೊಬ್ಬಳು ಈ ಚಿತ್ರಗಳಿಗೆ ಹೆದರಿ ಎದುರಿಗೆ ನಿಂತಿದ್ದಾಳೆ. ಇನ್ನೊಬ್ಬಳು ಸ್ಟೂಲಿನ ಮೇಲೆ ದೀಪ ಹತ್ತಿಸಿ ಆರಿಸಿ ಆಡುತ್ತಿದ್ದಾಳೆ.

"ಧನಂಜಯ ಎಲ್ಲಿ?"

"ಗ್ಯಾರೇಜಲ್ಲಿ. ಬರೋ ಮಕ್ಕಳಿಗೆ ಚಾಕೊಲೇಟ್ ಹಂಚ್ತಾನಂತೆ. ನಮ್ಮ ಜೊತೆ ಬರಲ್ಲ." ಪೂಜಿತಾ ಪಿನ್ನಿನ ಡಬ್ಬಿ ಮುಚ್ಚಿದಳು. "ಹೋದ ವರ್ಷವೂ ಕೊನೇ ಗಳಿಗೇಲಿ ಮೀಟಿಂಗ್ ಅಂದ. ಎಲ್ಲರ ಅಪ್ಪಂದಿರೂ ಬರ್ತಾರೆ. ಮನೇಲಿ ಇಷ್ಟೆಲ್ಲ ಆಗಿದೆ, ಇವತ್ತಾದ್ರೂ ಮಗು ಜೊತೆ ಬರಬಾರ್ದಾ? ನಾನು ಹತ್ತಿರ ಹೋದ್ರೆ ಫೋನ್ ಮುಚ್ತಾನೆ. ಏನೋ ಇದೆ ಅಕ್ಕ ಅವನ ಮನಸ್ಸಲ್ಲಿ. ನಮ್ಮನ್ನ ಬಿಟ್ಟು..."

"ಹುಚ್ಚಿ. ಮಗೂನ ಕರ್ಕೊಂಡು ಹೊರಡು. ಕೈ ಬಿಡಬೇಡ."

ಮಿಣುಕುಹುಳ ಸ್ಟೂಲಿನಿಂದ ಹಾರಿತು. ಯಮನ ಹಿಂದೆ ಅಮ್ಮ ಮಗಳು ಇಳಿದು ಹೋದರು.

*

ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಒಳಗಿನ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ಅದು ಸಾಲದೆಂಬಂತೆ ಕೆಲಸದ ದೀಪವೊಂದನ್ನು ಉದ್ದದ ವೈರಿನಲ್ಲಿ ಎಳೆದು ಹೊರಗಿನ ಸಿಮೆಂಟಿನ ಮೇಲೆ ನಿಲ್ಲಿಸಿತ್ತು. ಬೆಳಕು ಮುಗಿಯುವ ಗೆರೆಯ ಒಳಗೆ ಮಡಚುವ ಕುರ್ಚಿ ಹಾಕಿಕೊಂಡು ಧನಂಜಯ ಕೂತಿದ್ದ. ತೊಡೆಯ ಮೇಲೆ ಚಾಕೊಲೇಟಿನ ಬುಟ್ಟಿ.

"ಬನ್ನಿ ಅಕ್ಕ. ಒಂದು ತಗೊಳ್ಳಿ."

"ಸಕ್ಕರೆ ಕಾಯಿಲೆಯವಳಿಗೆ ಕೊಡ್ತೀಯಲ್ಲೋ."

ಅವಳು ಕಾರಿನ ಪಕ್ಕದ ಬಕೆಟ್ಟನ್ನು ಬೋರಲು ಹಾಕಿ ಕೂತಳು.  ಮಕ್ಕಳು ಬಂದರು, 'ಟ್ರಿಕ್ ಆರ್ ಟ್ರೀಟ್' ಎಂದರು, ಚೀಲ ಚಾಚಿದರು. ಧನಂಜಯ ಒಬ್ಬೊಬ್ಬರನ್ನೂ ಮಾತಾಡಿಸಿ ಎರಡೆರಡು ಹಾಕಿದ. ಒಂದು ಪುಟ್ಟ ಬೆಕ್ಕಿನ ಚೀಲದಿಂದ ಚಾಕೊಲೇಟು ಜಾರಿ ಬೆಳಕಿನ ಗೆರೆಯಾಚೆ ಬಿತ್ತು.

"ಇರು, ಕೊಡ್ತೀನಿ," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಬಗ್ಗಿದ. ಚಾಕೊಲೇಟು ಅವನ ಬೆರಳಿಗೆ ಗೇಣು ದೂರದಲ್ಲಿತ್ತು. ಕಣ್ಣು ಅದರ ಕಡೆಗಿರಲಿಲ್ಲ. ಅಂಗೈ ನೆಲ ಸವರುತ್ತ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಕೊನೆಗೆ ಬೆಕ್ಕೇ ಎತ್ತಿಕೊಂಡು 'ಗಾಟ್ ಇಟ್' ಎಂದು ಓಡಿತು.

ಅವನು ನೆಟ್ಟಗೆ ಕೂತ. ಅಕ್ಕ ನೋಡಿದಳೇ ಎಂದು ಓರೆಗಣ್ಣಲ್ಲಿ ಪರೀಕ್ಷಿಸಿದ.

"ನಮ್ಮ ಚಿಕ್ಕಪ್ಪ ಒಬ್ಬ ಇದ್ದ, ತಿಪ್ಪಣ್ಣ ಅಂತ," ಎಂದಳು ವಸಂತಲಕ್ಷ್ಮಿ, ಬೇರೇನೋ ನೆನಪಾದವಳ ಹಾಗೆ. "ದನ ಮನೆಗೆ ಬರೋ ಹೊತ್ತಾದ್ರೆ ಹೊಲದಲ್ಲಿ ಎಂಥ ಕೆಲಸ ಇದ್ರೂ ಬಿಟ್ಟು ಬಂದ್ಬುಡೋನು. ಕೊಟ್ಟಿಗೆ ಬಾಗಿಲಲ್ಲಿ ನಿಂತ್ಕಂಡು ಎತ್ತುಗಳ ಹೆಸರು ಹಿಡಿದು ಕೂಗೋನು. ತಾನು ಹೋಗಿ ಅಟ್ಟಿಕೊಂಡು ಬರಬಾರ್ದಾ? ಸೋಮಾರಿ ಅಂತ ಊರೆಲ್ಲ ಆಡಿಕೊಳ್ತು. ಚಿಕ್ಕಮ್ಮನೂ ಬೈಯೋಳು."

ಧನಂಜಯ ಚಾಕೊಲೇಟಿನ ಕಾಗದವೊಂದನ್ನು ಸುಮ್ಮನೆ ಮಡಚತೊಡಗಿದ.

"ಒಂದಿನ ಸಂಜೆ ಮಗು ಮಲಗಿದ್ದ ಚಾಪೆ ತುಳಿದ. ಮಗೂಗೆ ಏನೂ ಆಗ್ಲಿಲ್ಲ ಬುಡು. ಆದ್ರೆ ಅವತ್ತು ಅವನು ಅತ್ತಿದ್ದು ನಾನು ಮರೆತಿಲ್ಲ. ಇರುಳುಗಣ್ಣು ಕಣಪ್ಪ. ಹೊತ್ತು ಮುಳುಗಿದ್ರೆ ಅವನಿಗೆ ಎದುರಿನ ಮನುಷ್ಯ ಕಾಣ್ತಿರಲಿಲ್ಲ. ಕಟ್ಟಿಕೊಂಡ ಹೆಂಡ್ತಿಗೂ ಹೇಳಿರಲಿಲ್ಲ."

ಬೀದಿಯಲ್ಲಿ ಯಾರೋ ಪಟಾಕಿಯ ಹಾಗೆ ನಕ್ಕು ಹಾದುಹೋದರು. ಧನಂಜಯನ ಕೈಯಲ್ಲಿದ್ದ ಕಾಗದ ಉಗುರಿನಷ್ಟು ಚಿಕ್ಕದಾಗಿತ್ತು.

"ಎಷ್ಟು ದಿನ ಆಯ್ತೋ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವನು ಆ ಕಾಗದದ ಚೂರನ್ನು ಬುಟ್ಟಿಗೆ ಹಾಕಿದ. 

"ಡಾಕ್ಟರ್ ಹತ್ತಿರ ಹೋಗಿದ್ದು ಬೇಸಿಗೇಲಿ," ಎಂದ. "ಅದಕ್ಕೂ ಮುಂಚೆಯಿಂದ ಇತ್ತು. ಕಣ್ಣಿನ ಹಿಂದಿನ ಪೊರೆ ಸವೀತಾ ಇದೆಯಂತೆ. ಮೊದಲು ರಾತ್ರಿ ನೋಟ ಹೋಗುತ್ತೆ, ಆಮೇಲೆ ಅಕ್ಕಪಕ್ಕದ್ದು. ಎಷ್ಟು ಬೇಗ ಅಂತ ಅವರಿಗೂ ಗೊತ್ತಿಲ್ಲ. ರಕ್ತದಲ್ಲಿ ಬರೋದಂತೆ. ನಿಮ್ಮ ಮನೇಲಿ ಯಾರಿಗಿದೆ ಅಂತ ಕೇಳ್ತಾರೆ. ಅಪ್ಪನ ಕಡೆ ಯಾರಿಗೂ ಇಲ್ಲ. ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ ಅಂತಾರೆ. ಯಾರನ್ನ ಕೇಳಲಿ?"

"ಅದಕ್ಕೇ ಆಫೀಸಿಗೆ ಕಾರು ಬಿಟ್ಟು ರೈಲು ಹಿಡಿದ್ಯಾ."

"ಪೂಜಿಗೆ ಟ್ರಾಫಿಕ್ ಅಂತ ಹೇಳಿದೀನಿ." ಅವನು ನಗಲು ನೋಡಿದ. "ಡೌನ್‌ಟೌನ್ ಬೆಲ್ವ್ಯೂನಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿಟ್ಟಿದೀನಿ ಅಕ್ಕ. ಲಿಫ್ಟ್ ಇದೆ. ಬೀದೀಲಿ ರಾತ್ರಿಯೆಲ್ಲ ಹಗಲಿನ ಹಾಗೆ ಬೆಳಕು. ಆಫೀಸಿಗೆ ನಡೆದೇ ಹೋಗಬಹುದು. ಈ ಮನೆ ಮಾರಿದ್ರೆ ಅದು ಆಗುತ್ತಾ ಅಂತ ಜಯಂತನ್ನ ಕೇಳಿದ್ದೆ, ನಾನೂ ನೋಡ್ಬೇಕಿತ್ತು. ಆ ವೆಬ್‌ಸೈಟು ಹೇಳೋ ಬೆಲೆಯಲ್ಲಿ ನಾವು ಹೊಸದಾಗಿ ಮಾಡಿಸಿದ ಅಡುಗೆಮನೆ ಸೇರೇ ಇರಲಿಲ್ಲ. ಮಾಲೀಕ ಅಂತ ಹೇಳಿ ಚಿತ್ರ ಹಾಕಿದ್ರೆ ಅಂದಾಜು ಸರಿಮಾಡ್ತಾರೆ ಅಂದ್ಕೊಂಡೆ. ಅದು ನನಗೆ ಮಾತ್ರ ಕಾಣುತ್ತೆ ಅಂತಲೂ ಅಂದ್ಕೊಂಡೆ."

"ಗೊಂಬೆ ಮಲಗಿಸಿದ ರಾತ್ರಿ ತೆಗೆದೆ."

ಅವನು ತಲೆಯೆತ್ತಿದ. "ಹೇಗೆ ಗೊತ್ತಾಯ್ತು?"

"ಗಾಜಲ್ಲಿ ರಾಜ ರಾಣಿ ಮಲಗಿದಾರೆ. ಅದೂ ಅಲ್ಲದೆ, ನಾನು ಬರ್ತೀನಿ ಅಂತ ಗೊತ್ತಿದ್ದಿದ್ದು ನಿಮ್ಮಿಬ್ಬರಿಗೇ. ನಿನ್ನೆ ರಾತ್ರಿಯೇ ಚಿತ್ರ ಮಾಯ."

"ಅವಳು ಅಳ್ತಾ ಬಂದು ತೋರಿಸ್ದಾಗಲೇ ನಾನು ಅಂತ ಹೇಳ್ಬೇಕಿತ್ತು. ಹೇಳಿದ್ರೆ ಯಾಕೆ ಅಂತಾಳೆ. ಆ ಯಾಕೆಗೆ ಉತ್ತರ ನನ್ನ ಬಾಯಲ್ಲಿ ಬರ್ತಿಲ್ಲ ಅಕ್ಕ. ಇಷ್ಟು ದಿನ ರಾತ್ರಿ ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೊಂಡು ಹತ್ತಿದೀನಿ. ಒಂದಿನ ಮಗೂನ ಎತ್ಕೊಂಡು ಎಡವಿದೆ. ಅವತ್ತಿಂದ ಕತ್ತಲಲ್ಲಿ ಅವಳನ್ನ ಎತ್ಕೊಂಡಿಲ್ಲ."

ವಸಂತಲಕ್ಷ್ಮಿ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟಳು. "ಬೀದಿ ಮಕ್ಕಳೆಲ್ಲ ದೆವ್ವ ಆಗಿದಾವೆ. ನಿನ್ನ ಮಗಳು ಯಾಕೋ ದೀಪದ ಹುಳ ಆದ್ಲು?"

"ಅವಳೇ ಹಟ ಮಾಡಿದ್ಲು. ಲೈಟ್ ಬೇಕು, ತುಂಬ ಲೈಟ್ ಬೇಕು ಅಂತ."

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಬುಟ್ಟಿಯನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ವಸಂತಲಕ್ಷ್ಮಿ ಆ ಕಡೆ ನೋಡದೆ, ಬಂದ ಮಕ್ಕಳಿಗೆ ತಾನೇ ಚಾಕೊಲೇಟು ಹಾಕಿ ಕಳಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡು ಎದ್ದ. "ಈಗಲೇ ಹೇಳಿಬಿಡ್ತೀನಿ. ಪೂಜಿ ಬರೋ ತನಕ ಕೂತ್ರೆ ಧೈರ್ಯ ಹೋಗುತ್ತೆ."

"ಅದಕ್ಕೆ ಮುಂಚೆ ಆ ವೆಬ್‌ಸೈಟಿಂದ ಎಲ್ಲ ಹೋಗಿದೆಯಾ ನೋಡಿಬಿಡೋಣ. ಅವಳಿಗೆ ಅದೇ ಮೊದಲು ಬೇಕಾಗಿರೋದು."

ಅವಳು ತನ್ನ ಫೋನಿನಲ್ಲಿ ಮನೆಯ ವಿಳಾಸ ಒತ್ತಿದಳು. ಬೆಲೆಯ ಅಂದಾಜು ಬಂತು. ಅದರ ಮೇಲಿನ ಜಾಗದಲ್ಲಿ ಹಾಲ್ ಇಲ್ಲ, ಅಡುಗೆಮನೆ ಇಲ್ಲ, ಮೆಟ್ಟಿಲೂ ಇಲ್ಲ. ಒಂದೇ ಒಂದು ಚಿತ್ರವಿತ್ತು.

"ಇದನ್ನ ಯಾಕೆ ಬಿಟ್ಟೆ?"

ಧನಂಜಯ ಫೋನನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಕಣ್ಣ ಹತ್ತಿರ ತಂದ. ಹಳದಿ ಗೋಡೆ, ಪುಟ್ಟ ಹಾಸಿಗೆ, ದಿಂಬಿನ ಮೇಲೆ ಒಂದು ಆನೆ. ಶರ್ವಾಣಿಯ ಕೋಣೆ.

"ಇದು ನಾನು ಹಾಕಿದ್ದಲ್ಲ."

"ನಿನ್ನೆ ಇತ್ತಾ?"

"ಇಲ್ಲ ಅಕ್ಕ. ಮಗು ಕೋಣೆ ನಾನು ಯಾಕೆ ಹಾಕಲಿ? ಆಣೆ ಮಾಡಿ ಹೇಳ್ತೀನಿ, ಎಲ್ಲ ತೆಗೆದು ಎರಡು ಸಲ ನೋಡಿದೀನಿ. ಇದು ಇವತ್ತು ಬಂದಿರೋದು."

ಅವಳು ಫೋನನ್ನು ವಾಪಸು ತೆಗೆದುಕೊಂಡಳು.  ಸುಟ್ಟ ಮನೆಗಳ ಎಷ್ಟೋ ಚಿತ್ರಗಳನ್ನು ನೋಡಿದ ಕಣ್ಣು, ತನ್ನಷ್ಟಕ್ಕೆ ತಾನು ಮೂಲೆ ಮೂಲೆ ಹುಡುಕಿತು. ಮೇಜಿನ ಹಲಗೆಯ ತಳ ಕಾಣುತ್ತಿದೆ. ಕಿಟಕಿ ಎಲ್ಲೋ ಮೇಲಿದೆ. ಹಾಸಿಗೆ ಎದೆಯ ಮಟ್ಟಕ್ಕಿದೆ. ನಿಂತ ದೊಡ್ಡವರು ತೆಗೆದದ್ದಲ್ಲ ಇದು.

"ನಿನ್ನ ಅಕೌಂಟ್ ಇನ್ನೆಲ್ಲಿ ತೆರೆದಿದೆ?"

"ಮನೆ ಟ್ಯಾಬ್ಲೆಟ್‌ನಲ್ಲಿ." ಅವನು ಮನೆಯೊಳಗಿನ ಬಾಗಿಲ ಕಡೆ ತಿರುಗಿದ. "ಶರ್ವಾಣಿ ಹೋಂವರ್ಕ್ ಮಾಡೋದು ಅದರಲ್ಲೇ."

"ನಡಿ."

*

ಜಿನುಗು ಮಳೆ ನಿಂತಿತ್ತು. ಮೇಪಲ್ ಎಲೆಗಳು ಕಾಲುದಾರಿಯ ಮೇಲೆ ತೊಯ್ದ ರೊಟ್ಟಿಗಳ ಹಾಗೆ ಅಂಟಿಕೊಂಡಿದ್ದವು. ಬೆಳಕಿನ ಗೆರೆ ದಾಟುವಾಗ ಧನಂಜಯ ನಿಂತ. ವಸಂತಲಕ್ಷ್ಮಿ ಮೊಣಕೈ ಚಾಚಿದಳು. ಅವನು ಹಿಡಿದುಕೊಂಡ.

"ಇಳಿಜಾರು... ಹಾಂ. ಈಗ ಸಮ. ಎಡಗಡೆ ಕುಂಬಳಕಾಯಿ ಇಟ್ಟಿದಾರೆ, ಇತ್ಲಾಗ್ ಬಾ."

"ಎತ್ತು ಹೊಡ್ಕೊಂಡು ಹೋದ ಹಾಗಾಯ್ತು ನಿಮಗೆ."

"ಎತ್ತು ಇಷ್ಟು ಸುಲಭಕ್ಕೆ ಮಾತು ಕೇಳ್ತಿರಲಿಲ್ಲ."

ಟಾರ್ಚುಗಳು ಕುಣಿಯುತ್ತ ಹಾದುಹೋದವು. ಹಲ್ಲು ಕಿರಿದ ಮುಖವಾಡಗಳು, ಬಿಳಿ ಬಟ್ಟೆ ಹೊದ್ದವರು, ನೆಲಕ್ಕೆಳೆಯುವ ಕರಿ ಕೋಟುಗಳು. ವಸಂತಲಕ್ಷ್ಮಿ ಪ್ರತಿಯೊಂದನ್ನೂ ನೋಡುತ್ತ ನಡೆದಳು. ಯಾರ ಎತ್ತರ ಎಷ್ಟು, ಯಾರ ಕೈಯಲ್ಲಿ ಚೀಲವಿಲ್ಲ, ಯಾರು ಮಗುವಿಲ್ಲದೆ ಒಬ್ಬರೇ ನಿಂತಿದ್ದಾರೆ.

"ಅಲ್ಲಿದಾಳೆ!" ಎಂದ ಧನಂಜಯ.

ಅವಳಿಗಿಂತ ಮೊದಲು ಅವನೇ ಕಂಡಿದ್ದ. ಬೀದಿಯ ತಿರುವಿನಲ್ಲಿ, ಕತ್ತಲ ನಡುವೆ, ಒಂದು ಹಿಡಿ ಪುಟ್ಟ ದೀಪಗಳು ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದವು.

ಪೂಜಿತಾ ಮಗಳ ಕೈ ಹಿಡಿದು ಬರುತ್ತಿದ್ದಳು. ಯಮನ ಸಂಸಾರ ಮುಂದಿನ ಮನೆಯ ಬಾಗಿಲಲ್ಲಿತ್ತು. ಗಂಡನನ್ನು ಕಂಡು ಪೂಜಿತಾಳ ಮುಖ ಅರಳಿತು. ಅವನು ಇನ್ನೊಬ್ಬರ ಮೊಣಕೈ ಹಿಡಿದಿರುವುದನ್ನು ನೋಡಿ ಹಾಗೇ ನಿಂತಳು.

"ಏನಾಯ್ತು ಧನು?"

"ಪೂಜಿ, ನನಗೆ ರಾತ್ರಿ ಕಣ್ಣು ಕಾಣಲ್ಲ," ಎಂದ ಅವನು. ಅಷ್ಟು ದಿನ ಕಟ್ಟಿಟ್ಟ ಮಾತು ಅಷ್ಟು ಚಿಕ್ಕದಾಗಿ ಬಂದುಬಿಟ್ಟಿತು. "ಆ ಫೋಟೋ ಹಾಕಿದ್ದು ನಾನು. ಮನೆ ಮಾರೋ ಯೋಚನೆ ಮಾಡಿದ್ದೆ. ನಿನಗೆ ಹೇಗೆ ಹೇಳೋದು ಗೊತ್ತಾಗಲಿಲ್ಲ."

ಪೂಜಿತಾ ಅವನನ್ನೇ ನೋಡಿದಳು. ಬೈಯುತ್ತಾಳೆಂದು ವಸಂತಲಕ್ಷ್ಮಿ ಅಂದುಕೊಂಡಳು. ಪೂಜಿತಾ ಒಂದು ಹೆಜ್ಜೆ ಮುಂದೆ ಬಂದು, ಅಕ್ಕನ ಮೊಣಕೈ ಮೇಲಿದ್ದ ಅವನ ಕೈಯನ್ನು ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು.

"ಮನೆಗೆ ಹೋಗಿ ಬೈತೀನಿ," ಎಂದಳು.  "ಚೆನ್ನಾಗಿ ಬೈತೀನಿ. ಈಗ ನೋಡ್ಕೊಂಡು ನಿಲ್ಲು, ಅಲ್ಲಿ ಕಲ್ಲಿದೆ."

ವಸಂತಲಕ್ಷ್ಮಿ ಮಗುವಿನ ಎದುರು ಮಂಡಿಯೂರಿ ಕೂತಳು. "ಪುಟ್ಟಿ, ನಿನ್ನ ರೂಮಿನ ಫೋಟೋ ಟ್ಯಾಬ್ಲೆಟ್‌ನಲ್ಲಿ ಹಾಕಿದ್ದು ನೀನೇನಾ?"

ಶರ್ವಾಣಿ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಐ ಡಿಡಂಟ್ ಡೂ ಎನಿಥಿಂಗ್ ಬ್ಯಾಡ್," ಎಂದು ಶುರುಮಾಡಿ, ಅಪ್ಪನ ಮುಖ ಕಂಡು ಕನ್ನಡಕ್ಕೆ ಬಂದಳು. ಅಪ್ಪನ ಹತ್ತಿರ ಮಾತ್ರ ಅವಳದು ಕನ್ನಡ. "ಅಜ್ಜಿ ಕೇಳಿದ್ರು ಅಪ್ಪ. ನೀನು ಎಲ್ಲಿ ಮಲಗ್ತೀಯಾ ತೋರಿಸು ಅಂದ್ರು."

"ಯಾವ ಅಜ್ಜಿ?" ಪೂಜಿತಾಳ ದನಿ ಏರಿತು.

"ಹೌಸ್ ಫೋಟೋ ಇರುತ್ತಲ್ಲ, ಅಲ್ಲಿ ಮೆಸೇಜ್ ಬರುತ್ತೆ. ಇಂಗ್ಲಿಷ್ ಲೆಟರ್ಸ್‌ನಲ್ಲಿ ಕನ್ನಡ. ನಾನು ಓದ್ದೆ." ಆ ಸಾಧನೆಯ ಹೆಮ್ಮೆ ಒಂದು ಕ್ಷಣ ಮುಖದ ಮೇಲೆ ಮೂಡಿತು. "ಫೋಟೋ ಜೊತೆ ಅಪ್ಪನ ಹೆಸರು ನೋಡಿ ಬರೆದ್ರಂತೆ. ಅಪ್ಪನ ವಿಷಯಾನೇ ಕೇಳ್ತಾರೆ. ಅಪ್ಪ ಕತ್ತಲಲ್ಲಿ ಬೀಳ್ತಾರಾ ಅಂತ. ನಾನು ಎಸ್ ಅಂದೆ. ಅವರಿಗೂ ರಾತ್ರಿ ಕಾಣಲ್ಲವಂತೆ."

ಧನಂಜಯನ ಕೈಯೊಳಗೆ ಪೂಜಿತಾಳ ಬೆರಳು ಬಿಗಿಯಿತು.

"ಅವರು ಎಲ್ಲಿದಾರೆ ಅಂತ ಹೇಳಿದ್ರಾ ಮಗಳೇ?" ಎಂದಳು ವಸಂತಲಕ್ಷ್ಮಿ, ದನಿ ಏರಿಸದೆ.

"ಇವತ್ತು ಬರ್ತಾರೆ. ಹ್ಯಾಲೋವೀನ್ ದಿನ ಯಾರ ಮನೆಗೆ ಬೇಕಾದ್ರೂ ಹೋಗಬಹುದಲ್ವಾ, ಅದಕ್ಕೆ. ನಾನು ಲೈಟ್ ಹಾಕ್ಕೊಂಡಿರ್ತೀನಿ ಅಂತ ಹೇಳಿದೀನಿ." ಮಗು ಅಪ್ಪನ ಸೊಂಟದ ಪಕ್ಕದಿಂದ ಇಣುಕಿ, ಬೀದಿಯ ಆಚೆ ಬದಿಗೆ ಕೈ ಬೀಸಿತು. "ಅಲ್ಲಿ!"

ಧನಂಜಯ ತಿರುಗಿದ. ಅವನ ಪಾಲಿಗೆ ಅಲ್ಲಿ ಬೀದಿದೀಪದ ಮಸುಕು ಚುಕ್ಕೆ, ಸುತ್ತ ಕತ್ತಲು, ಬೇರೇನೂ ಇರಲಿಲ್ಲ.

"ಯಾರು ಅಕ್ಕ? ಯಾರಿದಾರೆ ಅಲ್ಲಿ?"

ವಸಂತಲಕ್ಷ್ಮಿ ಎದ್ದು ನಿಂತು ಮಗುವನ್ನು ತನ್ನ ಹಿಂದಕ್ಕೆ ಸರಿಸಿದ್ದಳು. ಬೀದಿದೀಪದ ಕೆಳಗೆ ಕಂದು ಕೋಟಿನ ಮುದುಕಿಯೊಬ್ಬಳು ನಿಂತಿದ್ದಳು. ಚೀಲವಿಲ್ಲ, ಮುಖವಾಡವಿಲ್ಲ. ಬೆಳಕಿನ ವೃತ್ತದಿಂದ ಹೊರಗೆ ಒಂದು ಕಾಲಿಡುವಳು, ಮತ್ತೆ ಹಿಂದೆ ತೆಗೆಯುವಳು. ಅಗಲ ಹಣೆ, ತುಸು ಎಡಕ್ಕೆ ವಾಲಿದ ಮೂಗು, ಗದ್ದದ ನಡುವೆ ಗುಳಿ.

"ಹೇಳಿ ಅಕ್ಕ," ಎಂದ ಧನಂಜಯ.

ಅವಳು ಮುದುಕಿಯ ಮುಖದಿಂದ ಅವನ ಮುಖದ ಕಡೆಗೆ ತಿರುಗಿದಳು. ಅದು ಅವನದೇ ಮುಖ, ಮೂವತ್ತು ವರ್ಷ ಮುದಿಯಾದದ್ದು.